ತವರಿಗೆ ಹೋದ ಮಕ್ಕಳು

ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ ಮೊರಕ್ಕೆ ಹಾಕಿ, ಗಾಳಿ ಬಂದ ಕಡೆಗೆ ಬೆನ್ನು ಮಾಡಿ ಹಾಲವ್ವ ಹಾರಿಸುತ್ತಿದ್ದಳು. ಕೆಂಪು ಸಿಪ್ಪೆ ಅಂಗಳದ ತುಂಬ ಹಾರಾಡುತ್ತಿತ್ತು. ಮಗ್ಗುಲಲ್ಲಿ ಮೊಮ್ಮಗ ಗೌರೀಶ ಕುಕ್ಕರಗಾಲಲ್ಲಿ ಕೂತು, ಅಜ್ಜಿಯ ಕೈ ಮೇಲೇಳುವುದನ್ನೇ ಕಾದು, ಮೊರದಿಂದ ಒಂದೊಂದೇ ಬೀಜ ಎತ್ತಿಕೊಳ್ಳುತ್ತಿದ್ದ. ಮಾತಿನಲ್ಲಿ ಭಾರಿ ಚುರುಕಿನ ಹುಡುಗ. ದಾರಿಯಲ್ಲಿ ಹೋಗುವ ಎಮ್ಮೆ ಯಾರ ಮನೆಯದೆಂದು ಹೇಳುತ್ತಿದ್ದ, ಸಿಟ್ಟು ಬಂದರೆ ಅಜ್ಜಿಯನ್ನೇ ಗದರಿಸುತ್ತಿದ್ದ. ಆದರೆ ಅವನಿಗಿಂತ ಆರು ತಿಂಗಳು ಸಣ್ಣದಾದ ಎದುರು ಮನೆಯ ಕೂಸು ಬಂದು ಪಕ್ಕಕ್ಕೆ ನಿಂತರೆ, ನೋಡಿದವರು ಇವನನ್ನೇ ತಮ್ಮ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಹಾಲವ್ವನಿಗೆ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಆ ಹೊತ್ತಿಗೆ ಅಂಗನವಾಡಿಯ ಟೀಚರು ರಾಜಶ್ರೀ ಬಂದಳು. ಬಂದವಳು ಕಟ್ಟೆಯ ಮೇಲೆ ಕೂರಲೂ ಇಲ್ಲ. ಬರುವ ವಾರ ಊರಿನ ಮಕ್ಕಳ ಎತ್ತರ ಅಳೆಯಲು ಬರುತ್ತಾರೆ ಎಂದಳು. ಹಾಲವ್ವ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಹೆಂಗಸರಿಗೆ ಮೀಸಲಾದ ಸ್ಥಾನದಿಂದ ಆರಿಸಿ ಬಂದವಳಾದರೂ ಊರವರ ನಡುವೆ ಮಾತು ನಡೆಯುವ ಹೆಂಗಸು. ಅಳೆಯುವುದು ಹೊಸದೇನಲ್ಲವಲ್ಲ, ನೀನೇ ತಿಂಗಳಿಗೊಮ್ಮೆ ಅಳೆಯುತ್ತೀಯಲ್ಲ ಎಂದು ಅವಳು ಕೇಳಿದ್ದಕ್ಕೆ ರಾಜಶ್ರೀ ವಿವರಿಸಿದಳು. ಟೀಚರುಗಳ ಅಳತೆಯನ್ನು ಮೇಲಿನವರು ನಂಬುತ್ತಿಲ್ಲವಂತೆ. ಅದಕ್ಕೇ ಈ ಸಲ ಅಂಗನವಾಡಿ ಇಲಾಖೆ, ಆರೋಗ್ಯ ಇಲಾಖೆ, ತಾಲ್ಲೂಕು ಪಂಚಾಯಿತಿಯವರು ಮೂವರೂ ಕೂಡಿ ಬರುತ್ತಾರೆ. ಬೆಳವಣಿಗೆ ಕುಂಠಿತವಾದ ಮಕ್ಕಳು ಹೆಚ್ಚಿರುವ ಊರುಗಳನ್ನು ಆರಿಸುತ್ತಾರೆ. ಆರಿಸಿದ ಊರಿಗೆ ತಿಂಗಳು ತಿಂಗಳು ಡಾಕ್ಟರು, ಮಕ್ಕಳಿಗೂ ಬಸುರಿಯರಿಗೂ ಹೆಚ್ಚಿನ ಊಟ, ಕೆಟ್ಟ ನೀರಿನ ಪೈಪು ತೆಗೆದು ಹೊಸದು, ಎಲ್ಲವೂ ಒಟ್ಟಿಗೇ.

“ತೂಕ ಇವತ್ತ ಇಳದ್ರ ನಾಳೆ ಏರತೈತ್ರಿ ಅಕ್ಕಾರ,” ಎಂದಳು ರಾಜಶ್ರೀ, ಗೌರೀಶನ ನೆತ್ತಿಯ ಮೇಲೆ ಕೈಯಿಟ್ಟು. “ಎತ್ತರ ಹಂಗಲ್ಲ. ಈಗ ತಪ್ಪಿದ್ದು ಆಮ್ಯಾಲ ಬರೂದು ಭಾಳ ಕಠಿಣ.”

ಹಾಲವ್ವ ಒಂದು ಹಿಡಿ ಶೇಂಗಾ ಟೀಚರಿನ ಸೆರಗಿಗೆ ಹಾಕಿ ಕಳಿಸಿದಳು.

ಸುದ್ದಿ ಗಿರಿಮಲ್ಲಪ್ಪನ ಕಿವಿಗೂ ಬಿತ್ತು. ಅವನು ಹಾಲವ್ವನ ಗಂಡನ ದೊಡ್ಡಪ್ಪನ ಮಗ, ಪಂಚಾಯಿತಿಯ ಸದಸ್ಯನೂ ಹೌದು. ಭಾವ ಬಂದನೆಂದು ಅವಳು ತಲೆಯ ತುಂಬ ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತಳು. ಅವನ ಮಗಳಿಗೆ ಮಹಾಲಿಂಗಪುರದ ಬೆಲ್ಲದ ವ್ಯಾಪಾರಸ್ಥರ ಮನೆಯಲ್ಲಿ ಮಾತುಕತೆ ನಡೆದಿತ್ತು. ಹಿಂದೊಮ್ಮೆ ಹೊಳೆಯಾಚೆಯ ಒಂದು ಊರಲ್ಲಿ ಹೀಗೇ ಅಳೆದು ಹೋಗಿದ್ದರು. ಆ ಊರಿಗೆ ಗಿಡ್ಡರ ಊರು ಎಂದು ಹೆಸರು ಬಿತ್ತು. ಅಲ್ಲಿಂದ ಹೆಣ್ಣು ತರುವುದಕ್ಕೂ, ಅಲ್ಲಿಗೆ ಕೊಡುವುದಕ್ಕೂ ಮಂದಿ ಹಿಂದೆ ಮುಂದೆ ನೋಡತೊಡಗಿದರು. ಗಿರಿಮಲ್ಲಪ್ಪ ಇದನ್ನೆಲ್ಲ ನೆನಪಿಸಿದ. ತನ್ನ ಅಪ್ಪನೂ ಗಿಡ್ಡ, ಅಜ್ಜನೂ ಗಿಡ್ಡ, ಆದರೂ ಜೋಳದ ಚೀಲ ಹೊರುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ, ಇದರಲ್ಲಿ ರೋಗವೇನು ಬಂತು ಎಂದ. ಚಹಾ ಕುಡಿದು ಏಳುವಾಗ ಮಾತ್ರ ದನಿ ತಗ್ಗಿಸಿದ.

“ಕೂಸುಗೋಳು ಊರಾಗ ಇರಲಿಲ್ಲಂದ್ರ ಯಾರನ್ನ ಅಳೀತಾರ ಹಾಲವ್ವಾ? ಎರಡ ದಿನ ತವರಿಗೆ ಹೋಗಿ ಬರಲಿ ಎಲ್ಲಾರೂ.”

ಹಾಲವ್ವ ಸಂಜೆ ಸೊಸೆ ಶೈಲಾಳನ್ನು ಕರೆದು, ಬಹಳ ದಿನವಾಯಿತು, ಅಪ್ಪ ಅವ್ವನನ್ನು ನೋಡಿ ಬಾ, ಗೌರೀಶನನ್ನೂ ಕರೆದುಕೊಂಡು ಹೋಗು ಎಂದಳು. ಶೈಲಾಳ ತವರು ಬೀಳಗಿ ತಾಲ್ಲೂಕಿನಲ್ಲಿ, ಹಿನ್ನೀರಿನ ದಂಡೆಯ ಒಂದು ಹಳ್ಳಿ. ಕರೆಯದೆ, ಹಬ್ಬವಿಲ್ಲದೆ, ಅತ್ತೆಯಾದವಳು ತಾನಾಗಿ ತವರಿಗೆ ಕಳಿಸುತ್ತಾಳೆಂದರೆ ಶೈಲಾಳಿಗೆ ಅರ್ಥವಾಗದೆ ಇರುತ್ತದೆಯೇ. ಟೀಚರು ಏನಂದುಕೊಂಡಾಳು ಎಂದು ಒಂದು ಮಾತು ಅಂದಳು. ಅತ್ತೆ ಕೇಳಿಸಿಕೊಳ್ಳದವಳಂತೆ ದೀಪ ಹಚ್ಚಲು ಹೋದದ್ದನ್ನು ನೋಡಿ, ಚೀಲ ತುಂಬಿಕೊಂಡಳು.

ಹಾಲವ್ವನೇ ಸೊಸೆಯನ್ನು ಕಳಿಸುತ್ತಾಳೆಂದ ಮೇಲೆ ಓಣಿಯ ಉಳಿದ ಅತ್ತೆಯರಿಗೆ ಬೇರೆ ಅಪ್ಪಣೆ ಬೇಕಿರಲಿಲ್ಲ. ಮರುದಿನ ಊರ ಮುಂದಿನ ಬಸ್ಸಿಗೆ ಬಗಲಲ್ಲೊಂದು, ಕೈಯಲ್ಲೊಂದು ಕೂಸು ಹಿಡಿದುಕೊಂಡ ಹೆಂಗಸರು ಒಬ್ಬರ ಹಿಂದೊಬ್ಬರು ಹತ್ತಿದರು. ಕಂಡಕ್ಟರು ಟಿಕೆಟು ಹರಿಯುತ್ತ, “ಏನ್ ಬೇ ಯವ್ವಾ, ಈ ವರ್ಷ ಪಂಚಮಿ ಚಳಿಯಾಗ ಬಂತೇನ? ಊರಿಗೂರ ತವರಿಗೆ ಹೊಂಟೈತಲ್ಲ,” ಎಂದ. ಹೆಂಗಸರು ನಕ್ಕರು. ಶೈಲಾ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅಳೆಯುವವರು ಹೇಳಿದ ದಿನ ಬಂದರು. ಸಾಲಿನಲ್ಲಿ ನಿಂತದ್ದೆಲ್ಲ ಉದ್ದನೆಯ, ಗಟ್ಟಿಮುಟ್ಟಾದ ಮಕ್ಕಳು. ರಾಜಶ್ರೀ ಬೆಳಿಗ್ಗೆಯಿಂದ ಮನೆ ಮನೆ ತಿರುಗಿ ಬಾಗಿಲು ಬಡಿದು ಕರೆದು ಬಂದಿದ್ದಳು. ಹಾಲವ್ವನ ಬಾಗಿಲಿಗೂ ಬಂದಿದ್ದಳು, ಸೊಸೆ ಕೂಸು ತವರಿಗೆ ಹೋಗಿದ್ದಾರೆಂದು ಹಾಲವ್ವ ಹೊಸ್ತಿಲಿನಿಂದಲೇ ಹೇಳಿ ಕಳಿಸಿದ್ದಳು. ಉಳಿದ ಮಕ್ಕಳೆಲ್ಲಿ ಎಂದು ಬಂದ ಡಾಕ್ಟರು ಕೇಳಿದಾಗ ಗಿರಿಮಲ್ಲಪ್ಪನೇ ಮುಂದೆ ಬಂದು, ತವರಿಗೆ ಹೋಗಿದ್ದಾರೆ ಎಂದ. ಅಡ್ಡಿಯಿಲ್ಲ, ಎಲ್ಲಿದ್ದಾರೋ ಅಲ್ಲಿಯೇ ಅಳೆಯುತ್ತಾರೆ ಎಂದರು ಡಾಕ್ಟರು. ಆ ಮಾತನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಚಹಾ, ಅವಲಕ್ಕಿ ಆಯಿತು. ಮುಂದೆ ತಾಲ್ಲೂಕಿನ ಸಭೆಯಲ್ಲಿ, ಒಂದೂ ಕುಂಠಿತ ಮಗು ಇಲ್ಲದ ಊರೆಂದು ಹಾಲವ್ವನಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದರು. ಎದುರಿಗೆ ಕೂತವರ ಮುಖ ನೋಡಲಾಗದೆ ಅವಳು ತನ್ನ ಕಾಲುಂಗುರವನ್ನೇ ನೋಡುತ್ತ ನಿಂತಿದ್ದಳು.

ಆ ಸಭೆಗೂ ಮೊದಲೇ ಶೈಲಾ ತಿರುಗಿ ಬಂದಿದ್ದಳು. ಬಂದವಳು ಚೀಲ ಇಳಿಸಿ, ನೀರು ಕುಡಿದು, ಹೇಳಿದಳು. ಅವಳ ತವರೂರಿಗೂ ಅದೇ ವಾರ ಮೂರೂ ಇಲಾಖೆಯವರು ಕೂಡಿಕೊಂಡು ಬಂದಿದ್ದರು. ಅಲ್ಲಿಯ ಟೀಚರು ಮನೆಗೇ ಬಂದು, ಮೊಮ್ಮಗ ಬಂದಿದ್ದಾನಂತೆ, ಕಳಿಸಿರಿ ಎಂದು ಕೈಹಿಡಿದು ಕರೆದುಕೊಂಡು ಹೋಗಿದ್ದಳು. ಗೌರೀಶನಿಗೆ ಎರಡೂವರೆ ವರ್ಷ. ಎತ್ತರ ಒಂದೂವರೆ ವರ್ಷದ ಕೂಸಿನದು. ಆ ಊರಿನ ಲೆಕ್ಕಕ್ಕೇ ಅವನ ಹೆಸರು ಬರೆದುಕೊಂಡಿದ್ದಾರೆ.

ಮರುದಿನ ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಜಮಖಂಡಿ ಕಡೆಗೆ ಹೋದವಳ ಕಥೆಯೂ ಅದೇ, ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಗೆ ಹೋದವಳದೂ ಅದೇ. ಹಿಂದೆಲ್ಲ ಒಂದು ಇಲಾಖೆಯವರು ಬಂದು ಹೋದದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಒಂದು ತಾಲ್ಲೂಕಿನಲ್ಲಿ ನಡೆದದ್ದು ಮಗ್ಗುಲ ತಾಲ್ಲೂಕಿಗೆ ಮುಟ್ಟುತ್ತಿರಲಿಲ್ಲ. ಈ ಸಲ ಈ ಊರಿನದೂ ಸೇರಿ ನಾಲ್ಕೂ ತಾಲ್ಲೂಕಿನವರು ಮಾತಾಡಿಕೊಂಡು ಒಂದೇ ವಾರದಲ್ಲಿ ಅಳೆಯುತ್ತಾರೆಂದು ಯಾರು ಕನಸು ಕಂಡಿದ್ದರು. ಮೊದಲು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಚ್ಚಿಡಲು ಹೋಗಿ ಕೈಯಾರೆ ಒಪ್ಪಿಸಿ ಬಂದೆವಲ್ಲ ಎಂದರು. ಆಮೇಲೆ ಒಬ್ಬಳು, ಹಾಗಾದರೆ ಡಾಕ್ಟರು ಯಾವ ಊರಿಗೆ ಬರುತ್ತಾರೆ ಎಂದು ಕೇಳಿದಳು.  ಕೊಡ ತುಂಬಿ ಚೆಲ್ಲುತ್ತಿತ್ತು.

ಡಾಕ್ಟರು ಅವರ ತವರೂರುಗಳಿಗೆ ಬಂದರು. ಊಟ ಅಲ್ಲಿಗೆ ಹೋಯಿತು. ಪೈಪು ಅಲ್ಲಿ ಹೊಸದಾಯಿತು. ಈ ಊರಿನ ಪೈಪು ಮಾತ್ರ ಕೆಳಗಿನ ಓಣಿಯ ಗಟಾರದೊಳಗೇ ಹಾದು ಬರುತ್ತಿತ್ತು. ನಳ ಬಿಟ್ಟಾಗ ಮೊದಲ ಕೊಡ ಕಲಗಚ್ಚಿನ ಬಣ್ಣದ್ದಾಗಿರುತ್ತಿತ್ತು, ಮಕ್ಕಳ ಹೊಟ್ಟೆ ತಿಂಗಳಿಗೊಮ್ಮೆ ಕೆಡುತ್ತಿತ್ತು. ಪಂಚಾಯಿತಿಯಿಂದ ಕೇಳಿದರೆ, ನಿಮ್ಮ ಊರಿನ ಮಕ್ಕಳು ಚೆನ್ನಾಗಿಯೇ ಇದ್ದಾರಲ್ಲ, ಮೊದಲು ಕೆಟ್ಟಿರುವ ಊರುಗಳದು ಆಗಲಿ ಎಂಬ ಉತ್ತರ ಬಂತು. 

ರಾಜಶ್ರೀ ಒಂದು ಪತ್ರ ಬರೆಯಿರಿ ಎಂದು ಗಂಟು ಬಿದ್ದಳು. ನಮ್ಮ ಊರಿನ ಮಕ್ಕಳನ್ನು ಮತ್ತೊಮ್ಮೆ ಅಳೆಯಿರಿ ಎಂದು ಅಧ್ಯಕ್ಷರ ಸಹಿಯಿರುವ ಪತ್ರ ಮೇಲಿನವರಿಗೆ ಹೋದರೆ ಬರುತ್ತಾರೆ. ಪಂಚಾಯಿತಿಯ ಗುಮಾಸ್ತ ಅಪ್ಪಾಸಾಬ ಬರೆದೂ ಕೊಟ್ಟ. ಓದಿ ಹೇಳು ಎಂದಾಗ ಓದಿದ. ಮಕ್ಕಳನ್ನು ಕೂಡಿಸುವುದರಲ್ಲಿ ಅಂಗನವಾಡಿ ಟೀಚರು ನಿರ್ಲಕ್ಷ್ಯ ಮಾಡಿದ್ದರಿಂದ ಅಳತೆ ಸರಿಯಾಗಿ ಆಗಿಲ್ಲ, ಆದ್ದರಿಂದ ಮತ್ತೆ ಅಳೆಯಬೇಕು ಎಂದಿತ್ತು. ಹೀಗೇಕೆ ಬರೆದೆ ಎಂದು ಕೇಳಿದ್ದಕ್ಕೆ, ಯಾರದಾದರೂ ತಪ್ಪು ಅಂತ ತೋರಿಸದೆ ಮತ್ತೆ ಅಳೆಯಿರಿ ಅಂದರೆ ಯಾರು ಕೇಳುತ್ತಾರೆ ಎಂದ ಅಪ್ಪಾಸಾಬ. ಅದರಲ್ಲಿ ಸುಳ್ಳಿರಲಿಲ್ಲ. ಸಹಿ ಹಾಕಿದರೆ ರಾಜಶ್ರೀಯ ಕೆಲಸಕ್ಕೆ ಕುತ್ತು, ಹಾಕದಿದ್ದರೆ ಮಕ್ಕಳಿಗೆ. ಹಾಲವ್ವ ಪತ್ರವನ್ನು ಮಡಚಿ ಮನೆಗೆ ತಂದು ಸೀರೆಗಳ ಕೆಳಗೆ ಇಟ್ಟಳು. ಮಗಳ ಲಗ್ನ ಮುಗಿಯುವ ತನಕ ತಡೆ ಎಂದು ಗಿರಿಮಲ್ಲಪ್ಪನೂ ಹೇಳಿ ಕಳಿಸಿದ್ದ. ಲಗ್ನದ ಮಾತು ಒಂದು ಸಲ ಬೀಗರ ಮನೆಯ ಸೂತಕಕ್ಕೆ ಮುಂದೆ ಹೋಯಿತು, ಇನ್ನೊಂದು ಸಲ ಕಬ್ಬು ಕಡಿಯುವ ಗಡಿಬಿಡಿಗೆ. ಪತ್ರ ಇದ್ದಲ್ಲೇ ಇತ್ತು.

ಇತ್ತ ಶೈಲಾ ತಿಂಗಳಿಗೊಮ್ಮೆ ಗೌರೀಶನನ್ನು ಎತ್ತಿಕೊಂಡು, ಬಸ್ಸು ಬದಲಿಸುತ್ತ, ತವರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬರತೊಡಗಿದಳು. ಬಿಸಿಲಿನ ದಿನಗಳು ಬಂದ ಮೇಲೆ ಒಂದು ಸಲ ಹೋದವಳು ಬರಲೇ ಇಲ್ಲ. ಫೋನಿನಲ್ಲಿ ಗಂಡ ಕಲ್ಮೇಶನಿಗೆ, ಇವನು ಮೂರು ದಾಟುವ ತನಕ ಇಲ್ಲೇ ಇರುತ್ತೇನೆ ಎಂದಳಂತೆ. ಕಲ್ಮೇಶ ಸಕ್ಕರೆ ಕಾರ್ಖಾನೆಯ ಕೆಲಸದವನು, ಮಾತು ಕಡಿಮೆ. ತಾಯಿಗೆ ಅಷ್ಟು ಮುಟ್ಟಿಸಿ, ಉಣ್ಣದೆ ಎದ್ದು ಹೋದ. ಮನೆಯಲ್ಲಿ ಹಾಲವ್ವನನ್ನು ಗದರಿಸುವವರು ಯಾರೂ ಇಲ್ಲದಾಯಿತು.

ಅವಳೇ ಕರೆತರಲೆಂದು ಹೋದಳು. ಶೈಲಾಳ ತವರೂರಿನ ಅಂಗನವಾಡಿಯ ಮುಂದೆ ಆ ದಿನವೇ ಎಲ್ಲರೂ ಕೂಡಿದ್ದರು. ಒಂದು ಕಡೆ ನರ್ಸು ಬಸುರಿಯರ ರಕ್ತ ನೋಡುತ್ತಿದ್ದಳು, ಇನ್ನೊಂದು ಕಡೆ ಪಂಚಾಯಿತಿಯ ನೀರಿನವನು ಬಾಟಲಿಯಲ್ಲಿ ನಳದ ನೀರು ಹಿಡಿದು ಪರೀಕ್ಷೆ ಮಾಡುತ್ತಿದ್ದ, ಬೇಳೆ ಬೇಯುವ ವಾಸನೆ ಹೊರಗಿನ ತನಕ ಬರುತ್ತಿತ್ತು. ಗೌರೀಶ ಗೋಡೆಯ ಅಳತೆಪಟ್ಟಿಗೆ ಬೆನ್ನು ಹಚ್ಚಿ, ಗಲ್ಲ ಎತ್ತಿ, ಉಸಿರು ಬಿಗಿಹಿಡಿದು ನಿಂತಿದ್ದ. ಸ್ವಲ್ಪ ಬೆಳೆದಿದ್ದಾನೆ ಎಂದಳು ಅಲ್ಲಿಯ ಟೀಚರು, ಇನ್ನೂ ಬೆಳೆಯಬೇಕು. ಶೈಲಾಳ ತಾಯಿ ಬೀಗಿತ್ತಿಗೆ ಹೊಸ ಲೋಟದಲ್ಲಿ ಚಹಾ ಕೊಟ್ಟು, ನಿಮಗೆ ಶಾಲು ಹೊದಿಸಿದರಂತಲ್ಲ, ಪೇಪರಿನಲ್ಲಿ ನೋಡಿದೆವು ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಹಾಲವ್ವನಿಗೆ ಚಹಾ ನುಂಗಲು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹಿತ್ತಲಲ್ಲಿ ಸೊಸೆಯೊಬ್ಬಳೇ ಸಿಕ್ಕಾಗ, ಮನೆ ಖಾಲಿಯಾಗಿದೆ, ನಡೆ ಹೋಗೋಣ ಎಂದಳು. ಶೈಲಾ ಬಟ್ಟೆ ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸಲಿಲ್ಲ.

“ಇಲ್ಲೆ ಇವನ ಹೆಸರ ಐತ್ರಿ ಅತ್ತ್ಯಾರ. ನಮ್ಮೂರಾಗ ಇವ ಇಲ್ಲ. ಇಲ್ಲದ ಕೂಸನ್ನ ಕರಕೊಂಡು ಹೋಗಿ ಏನ್ ಮಾಡ್ಲಿ?”

 ಹಗ್ಗದ ಮೇಲೆ ಸೀರೆ ಹರವಿ ಬಂದ ಶೈಲಾ ಸ್ವಲ್ಪ ಮೆತ್ತಗಾಗಿ, “ನನಗ ಹೋಗಾಕರೆ ತವರೈತಿ,” ಎಂದಳು. “ಅನಸವ್ವನ ಮೊಮ್ಮಗಳು ಅಂಜನಾನ ಯಾರ ಎಲ್ಲಿ ಅಳದ್ರು? ಅದರ ತಾಯಿಗೆ ಹಿಂದಿಲ್ಲ ಮುಂದಿಲ್ಲ.”

ಹಾಲವ್ವ ಒಬ್ಬಳೇ ತಿರುಗಿ ಬಂದಳು. ಬಸ್ಸಿಳಿದವಳು ಮನೆಗೆ ಹೋಗದೆ ಕೆಳಗಿನ ಓಣಿಗೆ ನಡೆದಳು. ಅನಸವ್ವ ಅವಳ ಹೊಲಕ್ಕೆ ಕಳೆ ಕೀಳಲು ಬರುವ ಮುದುಕಿ. ಮಗ ಸೊಸೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದರೆ ಮೊಮ್ಮಗಳು ಅವಳ ಪಾಲಿಗೆ. ಹೊಸ್ತಿಲ ಮೇಲೆ ಅಂಜನಾ ಕೂತಿತ್ತು. ಮೈಮೇಲಿದ್ದ ನೀಲಿ ಅಂಗಿಯನ್ನು ಹಾಲವ್ವ ಗುರುತು ಹಿಡಿದಳು. ಗೌರೀಶನಿಗೆ ಬಿಗಿಯಾಯಿತೆಂದು ಅವಳೇ ಕೊಟ್ಟದ್ದು. ಈ ಹುಡುಗಿ ಗೌರೀಶನಿಗಿಂತ ವರ್ಷ ದೊಡ್ಡವಳು. ಅಂಗಿ ಅವಳಿಗೆ ಭುಜದಲ್ಲಿ ಸಡಿಲವಾಗಿತ್ತು.

ಕೂಸಿಗೆ ವಾರದಿಂದ ಹೊಟ್ಟೆ ನಿಲ್ಲುತ್ತಿಲ್ಲ ಎಂದಳು ಅನಸವ್ವ. ಅಳತೆಯ ದಿನ ಇದನ್ನು ಎಲ್ಲಿಗೆ ಕಳಿಸಿದ್ದೆ ಎಂದು ಹಾಲವ್ವ ಕೇಳಿದಳು. ಮುದುಕಿ ಅದನ್ನೊಂದು ಸಾಹಸದ ಹಾಗೆ ಹೇಳಿದಳು.

“ಎಲ್ಲಿ ಕಳಸ್ಲಿ ಯಕ್ಕಾ. ಊರಾಗ ಕಾಣಬಾರದು ಅಂದಿದ್ರಲ್ಲ ಪಂಚಾಯ್ತಿಯವರು ನೀವು. ಮೇವಿನ ಕೋಣ್ಯಾಗ ಕುಂದ್ರಿಸಿ, ಕೈಯಾಗ ಬೆಲ್ಲದ ಹೆಂಟಿ ಕೊಟ್ಟು, ಚಿಲಕ ಹಾಕಿದ್ನಿ. ಜಾಣಿ ಐತಿ, ಒಂದ ಸಲಾನೂ ಅಳಲಿಲ್ಲ.” ಆಮೇಲೆ ಸಮಾಧಾನ ಮಾಡುವವಳ ಹಾಗೆ, “ನಿಮ್ಮ ಮಾತ ಉಳೀತಲ್ಲ, ಬಿಡ್ರಿ,” ಎಂದಳು.

ಉಳಿದ ಮಕ್ಕಳು ಎಲ್ಲಾದರೂ ಒಂದು ಕಡೆ ಲೆಕ್ಕಕ್ಕೆ ಸಿಕ್ಕಿದ್ದರು. ತವರಿದ್ದವರಿಗೆ ತವರಾದರೂ ಇತ್ತು. ಈ ಊರಲ್ಲಿ ತವರಿಗೆ ಹೋದವಳೆಂದೂ, ಬೇರೆ ಊರಲ್ಲಿ ಬಂದೇ ಇಲ್ಲವೆಂದೂ ಆಗಿ, ಅಂಜನಾ ಎಲ್ಲಿಯೂ ಇರಲಿಲ್ಲ. ಹಾಲವ್ವ ಸೆರಗಿನಿಂದ ಹುಡುಗಿಯ ಮೂಗು ಒರೆಸಿದಳು. ಕಲ್ಮೇಶನಿಗೆ ಹೇಳಿ ಗಾಡಿಯ ಮೇಲೆ ಅಜ್ಜಿ ಮೊಮ್ಮಗಳನ್ನು ಜಮಖಂಡಿಯ ದವಾಖಾನೆಗೆ ಕಳಿಸಿದಳು. ಆಮೇಲೆ ಮನೆಗೆ ಬಂದು ಸೀರೆಗಳ ಕೆಳಗಿನ ಪತ್ರ ತೆಗೆದುಕೊಂಡು ಅಂಗನವಾಡಿಗೆ ಹೋದಳು.

ರಾಜಶ್ರೀ ನಿಂತುಕೊಂಡೇ ಪತ್ರವನ್ನು ಓದಿದಳು. ಓದಿ ಮುಗಿಸಿ, ಇದ್ದ ಮಡಿಕೆಯ ಮೇಲೆಯೇ ಮಡಚಿ ಮರಳಿ ಕೊಟ್ಟಳು.

“ನಾ ಮನಿ ಮನಿ ತಿರಗಿ ಕರದೇನ್ರಿ. ನಿಮ್ಮ ಬಾಗಲಕ್ಕೂ ಬಂದಿದ್ನಿ. ನೀವು ಏನ್ ಹೇಳಿ ಕಳಿಸಿದ್ರಿ, ನೆನಪೈತೇನು?”

“ಐತಿ,” ಎಂದಳು ಹಾಲವ್ವ.

“ಹಂಗಾರ ಸಹಿ ಮಾಡ್ರಿ. ಮಕ್ಕಳನ್ನ ಅಳದ್ರ ಸಾಕು. ಆದ್ರ ನನ್ನ ಬಾಯಿಂದ ಛಲೋ ಆತು ಅನಸಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಪಂಚಾಯಿತಿಯಲ್ಲಿ ಅಪ್ಪಾಸಾಬನ ಮೇಜಿನ ಎದುರು ಗಿರಿಮಲ್ಲಪ್ಪನೂ ಕೂತಿದ್ದ. ನಾಡಿದ್ದು ಮಹಾಲಿಂಗಪುರದವರು ನಿಶ್ಚಯಕ್ಕೆ ಬರುವವರಿದ್ದರು. ಹಾಲವ್ವನ ಕೈಯಲ್ಲಿ ಪತ್ರ ಕಂಡು ಅವನು ಮುಖ ಗಂಟಿಕ್ಕಿದ. ಆದರೂ ಕಳಿಸುವುದಾದರೆ ಕಳಿಸು, ಹೇಗೂ ಅದರಲ್ಲಿ ಟೀಚರಿನ ತಪ್ಪು ಅಂತಲೇ ಇದೆ, ಊರಿನ ಮರ್ಯಾದೆಗೇನೂ ಧಕ್ಕೆಯಿಲ್ಲ ಎಂದ. ಇನ್ನೊಬ್ಬ ಟೀಚರನ್ನು ಕೊಡುತ್ತಾರೆ ಬಿಡು ಎಂದೂ ಸೇರಿಸಿದ. ಹಾಲವ್ವ ಪತ್ರವನ್ನು ಹರಿದು, ಚೂರುಗಳನ್ನು ಮೇಜಿನ ಮೇಲಿಟ್ಟಳು. ಬೇರೆ ಹಾಳೆ ತೆಗೆದುಕೋ ಎಂದು ಅಪ್ಪಾಸಾಬನಿಗೆ ಹೇಳಿದಳು.

“ಮಕ್ಕಳನ್ನ ಊರ ಬಿಡಿಸಿದವರು ನಾವು, ಅಂತ ಬರಿ. ಮೊದಲ ಕಳಿಸಿದಾಕಿ ಅಧ್ಯಕ್ಷಿ ಹಾಲವ್ವ, ತನ್ನ ಮೊಮ್ಮಗನ್ನ. ಟೀಚರು ಕರದ್ರು, ನಾವು ಕೊಡಲಿಲ್ಲ. ಕೆಳಗಿನ ಓಣಿ ಪೈಪು ಗಟಾರದಾಗ ಐತಿ. ಅದನೂ ಬರಿ.”

ಅಪ್ಪಾಸಾಬ ಪೆನ್ನು ಎತ್ತಿ ಹಿಡಿದು ಗಿರಿಮಲ್ಲಪ್ಪನ ಮುಖ ನೋಡಿದ. ಗಿರಿಮಲ್ಲಪ್ಪ ದನಿಯೇರಿಸಲಿಲ್ಲ. ನನ್ನ ಮಗಳ ಲಗ್ನ ಮುರಿದರೆ ಆ ಪಾಪ ನಿನಗೇ ತಟ್ಟುತ್ತದೆ ಎಂದಷ್ಟೇ ಹೇಳಿದ. ಹಾಲವ್ವ ಅಲ್ಲಿಯ ತನಕ ಎಂದೂ ಭಾವನ ಮುಖ ನೋಡಿ ಮಾತಾಡಿದವಳಲ್ಲ. ಈಗಲೂ ನೋಡಲಿಲ್ಲ, ಮೇಜಿನ ಮೇಲಿನ ಚೂರುಗಳಿಗೆ ಹೇಳುವವಳಂತೆ ಹೇಳಿದಳು.

“ಭಾವಾರ, ಲಗ್ನ ಆತಂತ ತಿಳೀರಿ. ಮೊದಲನೇ ಬಾಣಂತನಕ್ಕ ಹುಡುಗಿ ಎಲ್ಲಿಗೆ ಬರತಾಳ? ತವರಿಗೆ. ಇದ ಊರಿಗೆ. ಇದ ನಳದ ನೀರ ಕುಡಿದು ಹಾಲ ಕುಡಸ್ತಾಳ. ಆ ಕೂಸನ್ನ ಎಲ್ಲಿ ಮುಚ್ಚಿಡೂಣು?”

ಗಿರಿಮಲ್ಲಪ್ಪ ಒಪ್ಪಿದ ಎನ್ನುವ ಹಾಗಿಲ್ಲ. ಎದ್ದವನು ಟೋಪಿ ಸರಿಮಾಡಿಕೊಂಡು, ಸದಸ್ಯರನ್ನೆಲ್ಲ ಕೂಡಿಸುತ್ತೇನೆ, ಇವಳನ್ನು ಆ ಕುರ್ಚಿಯಿಂದ ಇಳಿಸದಿದ್ದರೆ ಕೇಳು ಎಂದು ಅಪ್ಪಾಸಾಬನಿಗೆ ಹೇಳಿದಂತೆ ಅವಳಿಗೆ ಹೇಳಿ ಹೊರಟುಹೋದ. ಅವನು ಇಳಿಸಬಲ್ಲನೆಂದು ಅವಳಿಗೂ ಗೊತ್ತಿತ್ತು. ಮಹಾಲಿಂಗಪುರದವರು ಬರುತ್ತಾರೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಿರಿಮಲ್ಲಪ್ಪನ ಆ ಹುಡುಗಿಯನ್ನು ಹಾಲವ್ವ ಎತ್ತಿ ಆಡಿಸಿದವಳು. 

ಅಪ್ಪಾಸಾಬ ಬರೆದು ಮುಗಿಸಿದ. ಹಾಲವ್ವ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ತಾನೇ ಓದಿ, ಸಹಿ ಮಾಡಿದಳು. ಟಪಾಲಿನ ಜೊತೆ ಇಡಿ, ನಾಳೆ ಕಳಿಸುತ್ತೇನೆ ಎಂದ ಅವನು. ಅವಳು ಬೇಡವೆಂದಳು. ನಾಳೆ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತೇರದಾಳದ ಬಸ್ಸು ನಿಂತಿತ್ತು, ಹತ್ತಿದಳು. ಅಲ್ಲಿಯ ಅಂಚೆ ಕಚೇರಿಯಲ್ಲಿ ಊಟದ ಹೊತ್ತಿಗೆ ಕಿಟಕಿ ಮುಚ್ಚುವವರಿದ್ದರು. ರಿಜಿಸ್ಟರ್ ಮಾಡಬೇಕು ಎಂದು ಅವಳು ಲಕೋಟೆ ಒಳಗೆ ಸರಿಸಿದಳು. ಒಳಗಿದ್ದವನು ತೂಗಿ ನೋಡಿ, ಕಳಿಸುವವರ ಹೆಸರು ಬರೆದಿಲ್ಲವಲ್ಲ ಎಂದು ಪೆನ್ನು ಕೊಟ್ಟ. ಅವಳು ನಿಧಾನವಾಗಿ ತನ್ನ ಹೆಸರು ಬರೆದಳು, ಅದರ ಕೆಳಗೆ ಊರಿನ ಹೆಸರು ಬರೆದಳು. ಅವನು ಚೀಟಿ ಅಂಟಿಸಿ, ಠಸ್ಸೆ ಹೊಡೆದು, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದ.